ಹುಲಿ-ಕುರಿ ಬಂಡೆ

ಬುತ್ತಿ ಬಿಸಿಮಾಡಲು ಬಂಡೆಯ ಮೇಲೆ ಹಚ್ಚಿದ್ದ ಬೆಂಕಿ ಆರಿಸಲು ಮೂರ್ತಪ್ಪ ಕ್ಯಾನಿನ ನೀರನ್ನು ಸುರಿದದ್ದೇ ತಡ, ಕಾದ ಬಂಡೆಯೊಳಗೆ ಠಣ್ಣೆಂದು ಸದ್ದಾಯಿತು. ಆವಿ ಸರಿದಾಗ ಮೇಲ್ಪದರ ರೊಟ್ಟಿಯ ಹಾಗೆ ಉಬ್ಬಿ ಎದ್ದಿತ್ತು. ನೋಡುತ್ತಿದ್ದಂತೆ ಅದು ಹೋಳಾಗಿ ಇಳಿಜಾರಿಗೆ ಜಾರಿತು. ಅದರ ಮೇಲಿದ್ದದ್ದು ಹುಲಿ-ಕುರಿ ಆಟದ ಗೆರೆಗಳು; ನಲವತ್ತು ವರ್ಷದ ಹಿಂದೆ, ಕುರಿ ಕಾಯುತ್ತ ಹೆಂಡತಿ ಉಚ್ಚಂಗೆಮ್ಮ ಉಳಿ ಹಿಡಿದು ಕೊರೆದವು.

"ಮಣ್ಣು ಹಾಕಿ ಆರಿಸ್ರಿ ಅಂದಿದ್ದೆ," ಎಂದಳು ಪಕ್ಕದಲ್ಲಿ ಕೂತಿದ್ದ ಉಚ್ಚಂಗೆಮ್ಮ. ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಸಿಡಿಯುತ್ತದೆಂದು ಅವನಿಗೂ ಗೊತ್ತಿತ್ತು. ಬೇಗ ಆಟಕ್ಕೆ ಕೂರಬೇಕೆಂದು ಅವಸರ ಮಾಡಿದ್ದ.

ಮಂಡಿನೋವಿನಿಂದ ಆರು ವರ್ಷ ಗುಡ್ಡ ಹತ್ತದಿದ್ದವಳು ಇವತ್ತು ಬುತ್ತಿ ಹಿಡಿದು, ಕೆಳಗಿನ ಹರಿಯಬ್ಬೆ ಊರಿನಿಂದ ಕೋಲೂರಿಕೊಂಡು ಬಂದಿದ್ದಳು. "ಇವತ್ತಾದ್ರೂ ನನಗೆ ಹುಲಿ ಬಿಟ್ಟುಕೊಡ್ರಿ," ಎಂದು ಬಂದವಳೇ ಕೇಳಿದ್ದಳು. ಆಡಿದಷ್ಟೂ ವರ್ಷ ಹುಲಿಗಳು ಅವನವೇ. ಅವಳು ಕೇಳಿದಾಗಲೆಲ್ಲ ಮುಂದಿನ ಆಟಕ್ಕೆ ನೀನು ಎಂದು ನಕ್ಕು ಕುರಿಯ ಕಲ್ಲುಗಳನ್ನೇ ಅವಳತ್ತ ತಳ್ಳುತ್ತಿದ್ದ. ಇವತ್ತು ಮೊದಲ ಸಲ ಹೂಂ ಅಂದಿದ್ದ.

ಮೂರ್ತಪ್ಪ ಇಳಿದುಹೋಗಿ ಹೋಳುಗಳನ್ನು ಹೊತ್ತು ತಂದು ಜೋಡಿಸಿ ನೋಡಿದ. ಅಂಚು ಪುಡಿಯಾಗಿ ಗೆರೆಗೆ ಗೆರೆ ಕೂಡಲಿಲ್ಲ. "ಇದ್ಲಿನಾಗೆ ಬ್ಯಾರೆ ಗೀಚಾಣ ಕಣೆ. ಹುಲಿ ನಿನ್ನವೇ," ಎಂದ, ತಲೆಯೆತ್ತದೆ. "ಇರ್ಲಿ ಬಿಡ್ರಿ. ಮೇಯೋ ಕುರಿ ಹಳ್ಳ ದಾಟ್ತಾವೆ, ಹೋಗ್ರಿ," ಎಂದಳು ಅವಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಹುಲಿಗಳಿಗೆಂದು ದಾರಿಯಲ್ಲೇ ಆರಿಸಿಕೊಂಡು ಬಂದಿದ್ದ ಮೂರು ಕರಿಕಲ್ಲುಗಳನ್ನು ಗೆರೆಯಿಲ್ಲದ ಬಂಡೆಯ ಮೇಲೆ ಒಂದೊಂದಾಗಿ ಇಟ್ಟಳು.