ಖುನು ಲೈಮಳ ತೀರ್ಪು

ಪಾರಿವಾಳಗಳ ದೇವತೆ ಖುನು ಲೈಮ ಅಂಗಳದ ನಡುವೆ ನಿಂತು ಅಳು ತೆಗೆದದ್ದಷ್ಟೇ, ಪಕ್ಕದ ಮನೆಯ ಮುದುಕಿ ಮೆಮ್ಚಾ ಎದ್ದು ಆಟದೊಳಕ್ಕೇ ನಡೆದಳು. ಯಾರೂ ತಡೆಯಲಿಲ್ಲ. ಅಳುವ ಪಾತ್ರದ ಕೈಗೆ ನೋಟು ತುರುಕುವುದು ಇಂಫಾಲದ ಅಂಗಳದಾಟಗಳಲ್ಲಿ ವಾಡಿಕೆ. ಗಂಡಸರೇ ಹೆಣ್ಣಾಗುವ ಮೇಳ ಅದು. ದೇವತೆ ಬೆಳಿಗ್ಗೆ ತಾನೇ ಮೀಸೆ ಬೋಳಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಅವಳ ಹೆಸರು ಮಣಿಹಾರ್.

ಮುದುಕಿ ನೋಟು ಕೊಡಲಿಲ್ಲ. ಬಾಳೆಹಣ್ಣಿನ ಚಿಪ್ಪು ಮುಂದಿಟ್ಟು ಅಡ್ಡಬಿದ್ದಳು.

"ಇಮಾ, ನಿನ್ ಮಕ್ಕಳಿಗೆ ಸ್ವಲ್ಪ ಬುದ್ಧಿ ಹೇಳು ತಾಯಿ. ಮೊಮ್ಮಗಳಿಗೆ ಮೊದಲನೇ ಅನ್ನ ಉಣ್ಸೋಕೆ ಅಂತ ಕಪ್ಪಕ್ಕಿ ಭತ್ತ ಒಣಗ್ಹಾಕಿದ್ದೆ. ಚಾಪೆ ಮಾತ್ರ ಬಿಟ್ಟಿದಾವೆ."

ಅಂಗಳ ಗೊಳ್ಳೆಂದಿತು. ನಗದವನು ಮನೆಯ ಯಜಮಾನ ಕುಲಚಂದ್ರ ಒಬ್ಬನೇ. ಪಾರಿವಾಳಗಳು ಅವನ ಗೂಡಿನವು. ಮುದುಕಿ ದೂರು ತಂದಾಗಲೆಲ್ಲ, ಅವು ನನ್ನವಲ್ಲ, ಖುನು ಲೈಮಳವು, ಹೋಗಿ ಅವಳನ್ನೇ ಕೇಳು ಎಂದು ಸಾಗಹಾಕುತ್ತಿದ್ದ. ಆಟ ಆಡಿಸುತ್ತಿದ್ದವನೂ ಅವನೇ. ಮೇಳದವರ ಊಟ ಅವನ ಒಲೆಯ ಮೇಲೆಯೇ ಕುದಿಯುತ್ತಿತ್ತು.

ಅದರ ಘಮ ದೇವತೆಯ ಮೂಗಿಗೂ ಬಡಿಯಿತು. ಮಕ್ಕಳು ಹಸಿದಿದ್ದವು, ಹೊಟ್ಟೆಗೆ ಹಾಕಿಕೋ ಎಂದು ಮಣಿಹಾರ್ ಕೊರಳಲ್ಲೇ ಗುಟುರುಗುಟ್ಟಿ ಜಾರಿಕೊಳ್ಳಲು ನೋಡಿದ. ಮುದುಕಿ ಏಳಲಿಲ್ಲ. ನಾಳೆಯೇ ಶಾಸ್ತ್ರ, ಮಗುವಿನ ಬಾಯಿಗೆ ಏನಿಡಲಿ ಎಂದಳು. ನಗು ನಿಂತಿತು. ಹೆಂಗಸರೆಲ್ಲ ದೇವತೆಯ ಮುಖವನ್ನೇ ನೋಡತೊಡಗಿದರು.

ಮಣಿಹಾರ್ ಊಟದ ಆಸೆ ಬಿಟ್ಟು ಯಜಮಾನನತ್ತ ತಿರುಗಿದ. "ಮಗಾ ಕುಲಚಂದ್ರ, ಅವು ನನ್ನವೋ, ನಿನ್ನವೋ?"

ಇಡೀ ಕೇರಿ ಕಿವಿಯಾಗಿತ್ತು. "ನಿನ್ನವೇ, ಇಮಾ."

"ಹಾಗಾದ್ರೆ ಬುಟ್ಟಿ ತರ್ಸು. ಆಟ ಮುಗಿದ್ಮೇಲೆ ನನ್ ಜೊತೇಲೇ ಕರ್ಕೊಂಡ್ ಹೋಗ್ತೀನಿ."

ಕುಲಚಂದ್ರ ಹೆಂಡತಿಯನ್ನು ನೋಡಿದ, ಗೂಡನ್ನು ನೋಡಿದ. ನನ್ನವು ಎಂದು ಮೆಲ್ಲಗೆ ಒಪ್ಪಿಕೊಂಡ. ಒಳಗಿನಿಂದ ಕಪ್ಪಕ್ಕಿ ಬಂತು. ಮುದುಕಿ ಹುಳ ಇದೆಯೇ ಎಂದು ಬೊಗಸೆಯಲ್ಲಿ ಆಡಿಸಿ ನೋಡಿಯೇ ಮಡಿಲಿಗೆ ಸುರಿದುಕೊಂಡು ಮನೆಗೆ ಹೋದಳು.

ಆಟ ಮುಗಿದಾಗ ಕುಲಚಂದ್ರ, ಅಡುಗೆ ಸೀದುಹೋಯಿತು ಎಂದು ಕೈ ಮುಗಿದ. ಸೀಯದ ಘಮ ಇನ್ನೂ ಬರುತ್ತಲೇ ಇತ್ತು. ಮೇಳದವರು ದೇವತೆಯನ್ನು ಬಾಯಿಗೆ ಬಂದಂತೆ ಬೈಯುತ್ತ ಬೇಲಿ ದಾಟುವಷ್ಟರಲ್ಲಿ ಮೆಮ್ಚಾ ತನ್ನ ಬಾಗಿಲಿನಿಂದ ಕರೆದಳು. ಒಳಗೆ ಎಲ್ಲರಿಗೂ ಎಲೆ ಹಾಕಿತ್ತು. ಸಾರಿನಲ್ಲಿ ತೇಲುತ್ತಿದ್ದ ತೊಡೆಯನ್ನು ನೋಡಿ ಮಣಿಹಾರ್ ಕೈ ಹಿಂದೆಗೆದ.

"ಹೆದರ್ಬೇಡ, ಉಣ್ಣು," ಎಂದಳು ಮುದುಕಿ. "ಇದು ಬಾತು. ಬಾತುಗಳಿಗೆ ದೇವತೆ ನಿನ್ ತಂಗಿ. ಅವಳಿನ್ನೂ ನಮ್ ಕೇರಿಗೆ ಬಂದಿಲ್ಲ."