ನನಗೆ ಮಾತ್ರ

ತಂಗಿಗೆ ಕಳಿಸಬೇಕಿದ್ದ ವಾಯ್ಸ್ ಮೆಸೇಜನ್ನು ದೊಡ್ಡಮ್ಮ ನೆಂಟರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿ, ಗಾಬರಿಯಿಂದ ಆ ತಂಗಿಯ ಮಗಳು ವಾರಿಜಾಗೆ ಫೋನ್ ಮಾಡಿದರು.

“ಅದನ್ನ ಅಳಿಸೋದು ಹೇಗೇ? ನೀನಂತೂ ಕೇಳ್ಬೇಡ!”

ವಾರಿಜಾಗೆ ನಗು. “ಅದರ ಮೇಲೆ ಬೆರಳು ಒತ್ತಿ ಹಿಡ್ಕೊಳ್ಳಿ ದೊಡ್ಡಮ್ಮ. ಕಸದ ಬುಟ್ಟಿ ಬರುತ್ತೆ.”

“ಬಂತು. ‘ಎಲ್ಲರಿಗೂ ಅಳಿಸು’, ‘ನನಗೆ ಮಾತ್ರ ಅಳಿಸು’ ಅಂತಿದೆ. ಒತ್ತಿದೆ. ಹೋಯ್ತು ಕಣೇ!”

“ಯಾವುದು ಒತ್ತಿದ್ರಿ?”

“ತಪ್ಪು ಮಾಡಿದ್ದು ನಾನು, ಎಲ್ಲರದ್ದೂ ಯಾಕೆ ಅಳಿಸ್ಲಿ? ‘ನನಗೆ ಮಾತ್ರ’ ಒತ್ತಿದೆ.”

ವಾರಿಜಾ ಹಣೆ ಚಚ್ಚಿಕೊಂಡಳು. ದೊಡ್ಡಮ್ಮನ ಫೋನಿನಲ್ಲಿ ಹೋದದ್ದು ಉಳಿದವರೆಲ್ಲರ ಫೋನಿನಲ್ಲೂ ಹಾಗೇ ಇತ್ತು, ಇನ್ನು ಯಾರೂ ಏನೂ ಮಾಡುವಂತಿರಲಿಲ್ಲ. ಕುತೂಹಲ ತಡೆಯದೆ ತಾನೂ ಕೇಳಿದಳು.

“ತಂಗೀ, ವಾರಿಜಾ ನಾನು ಹೆತ್ತ ಮಗು ಅಂತ ಅವಳ ಮದುವೆಗೆ ಮುಂಚೆ ಹೇಳಿಬಿಡೋಣ್ವಾ?”