ಕ್ಯಾಚರ್ ಯಾಕೆ ಎದ್ದು ಹೋದ

ಪಾರ್ಕಿನಲ್ಲಿ ದಿನವೂ ನಡೆಯುವ ಬೇಸ್‌ಬಾಲ್ ವಾದದಲ್ಲಿ ರೆಂಬೆರ್ತೊ ತನ್ನ ನೋಟ್‌ಬುಕ್ ತೆರೆದು ಊರ ತಂಡದ ಕ್ಯಾಚರ್ ಯೂನಿಯೆಲ್‌ನ ಮೇಲಿನ ಆರೋಪಗಳನ್ನು ಓದಲು ಶುರುಮಾಡಿದಾಗ ಚರ್ಚಿನ ಗಡಿಯಾರ ಇನ್ನೂ ಒಂಬತ್ತು ಹೊಡೆದಿರಲಿಲ್ಲ. ಕಳೆದ ಸೀಸನ್ನಿನಲ್ಲಿ ಪಿಚರ್ ಚೆಂಡೆಸೆಯುವಷ್ಟರಲ್ಲಿ ಎರಡನೇ ಬೇಸ್‌ಗೆ ಕದ್ದು ಓಡಿದ ಎದುರಾಳಿಗಳು ಅರವತ್ತಮೂರು ಮಂದಿ. ಅವರಲ್ಲಿ, ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂರುವ ನಮ್ಮ ಕ್ಯಾಚರ್ ಚೆಂಡೆಸೆದು ಔಟ್ ಮಾಡಿಸಿದ್ದು ಹನ್ನೊಂದೇ ಜನರನ್ನು. ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಮಾತ್ರೆ ಎಣಿಸಿದ ರೆಂಬೆರ್ತೊನ ಸಂಖ್ಯೆಗಳನ್ನು ಪಾರ್ಕಿನಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ.

ಮಧ್ಯಾಹ್ನದೊಳಗೆ ತಂಡದ ಪಟ್ಟಿ ಹವಾನಾಕ್ಕೆ ಹೋಗಬೇಕಿತ್ತು. ಯೂನಿಯೆಲ್‌ಗೆ ಮೂವತ್ತೊಂಬತ್ತು. ಮ್ಯಾನೇಜರ್ ಧೈರ್ಯ ಸಾಲದೆ ತೀರ್ಮಾನವನ್ನು ಅವನ ತಲೆಗೇ ಕಟ್ಟಿದ್ದ: ಇನ್ನೊಂದು ವರ್ಷ ಆಡುತ್ತೀಯೋ, ಬಿಡುತ್ತೀಯೋ, ನೀನೇ ಹೇಳು. ಸುದ್ದಿ ಬೆಳಗಿನ ಬ್ರೆಡ್ಡಿಗಿಂತ ಮೊದಲೇ ಮನೆಮನೆ ಮುಟ್ಟಿತ್ತು.

ನಿವೃತ್ತ ಶಿಕ್ಷಕಿ ಸೊಯ್ಲಾ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಮೊದಲ ಪಂದ್ಯದಲ್ಲೇ ಅಳಲು ಶುರುಮಾಡಿದ ಪಿಚರ್‌ನನ್ನು ಒಂಬತ್ತು ಇನ್ನಿಂಗ್ಸ್ ದಾಟಿಸಿದ್ದು ಯಾರೆಂದು ಕೇಳಿದಳು. ಎಂಥ ಚೆಂಡು ಬೇಕೆಂದು ಯೂನಿಯೆಲ್ ಬೆರಳಲ್ಲಿ ಸನ್ನೆ ಮಾಡದೆ ನಮ್ಮ ಪಿಚರ್‌ಗಳು ಒಂದನ್ನಾದರೂ ಎಸೆದಾರೆಯೇ ಎಂದಳು.

"ಕೈ ಸೋತಿರಬಹುದು ಕಣಯ್ಯ, ತಲೆ ಸೋತಿಲ್ಲ. ನಿನ್ನ ಪುಸ್ತಕದಲ್ಲಿ ತಲೆಗೆ ಒಂದು ಕಾಲಂ ಇದ್ಯಾ?"

ಅಷ್ಟರಲ್ಲಿ ಹಿಂದಿನಿಂದ ಯಾರೋ, "ಕೊನೆಯವರು ಯಾರು?" ಎಂದರು. ಬ್ರೆಡ್ ಕ್ಯೂ ಇರಲಿ, ಪಾರ್ಕಿನ ವಾದವಿರಲಿ, ಸರದಿ ಹಿಡಿಯುವುದು ಹಾಗೆಯೇ. ತಿರುಗಿ ನೋಡಿದರೆ ಯೂನಿಯೆಲ್, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸೊಯ್ಲಾ ನಿಧಾನಕ್ಕೆ ಕೈಯೆತ್ತಿ, ಕೊನೆಯವಳು ತಾನು ಎಂದಳು. ಅವನು ಅವಳ ಪಕ್ಕ ಹೋಗಿ ನಿಂತ.

ರೆಂಬೆರ್ತೊನ ಸರದಿ ಮುಗಿದಿರಲಿಲ್ಲ. ಬೆನ್ನ ಹಿಂದೆ ಆಡಿದ್ದನ್ನು ಮುಖದ ಮುಂದೆ ನುಂಗಿದರೆ ನಾಳೆ ಇಲ್ಲಿ ತಲೆಯೆತ್ತುವಂತಿಲ್ಲ. ಕಿವಿ ಕೆಂಪಾದರೂ ಅವನು ಓದಿದ: ಆಟದ ನಡುವೆ ಕ್ಯಾಚರ್ ಎದ್ದು, ನಡೆದು ಹೋಗಿ, ಪಿಚರ್ ಜೊತೆ ಸುಮ್ಮನೆ ಹರಟಿದ್ದು ನಲವತ್ತೊಂದು ಸಲ. ಯಾವ ತಂತ್ರವೂ ಇಲ್ಲ, ಆಮೇಲೆ ಆಟದಲ್ಲಿ ಯಾವ ಬದಲಾವಣೆಯೂ ಇಲ್ಲ. ಮಂಡಿಗೆ ವಿಶ್ರಾಂತಿ ಬೇಕಾದ ಮುದುಕನ ನಾಟಕ.

"ಎಲ್ಲ ನಾಟಕ ಅಲ್ಲ" ಎಂದು ಪಕ್ಕದ ಬೆಂಚಿನಿಂದ ಒಂದು ದನಿ ಬಂತು. ಅದು ಫಿದೆನ್ಸಿಯೊ, ಹದಿನೆಂಟು ವರ್ಷದಿಂದ ಯೂನಿಯೆಲ್‌ನ ಬೆನ್ನ ಹಿಂದೆಯೇ ಬಗ್ಗಿ ನಿಂತ ಅಂಪೈರ್. ದಿನವೂ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ, ವಾದಕ್ಕೆ ಎಂದೂ ಬಾಯಿ ಹಾಕಿದವನಲ್ಲ. ಸರದಿ ಹಿಡಿಯದೆ ಮಾತಾಡಿದ್ದಕ್ಕೆ ಸೊಯ್ಲಾ ಕೂಡ ಗದರಲಿಲ್ಲ.

ಬ್ಯಾಟನ್ನು ಸವರಿದ ಚೆಂಡು ಕೆಲವೊಮ್ಮೆ ಕ್ಯಾಚರ್‌ನನ್ನೂ ದಾಟಿ ಅಂಪೈರ್‌ನ ಎದೆಗೋ ದವಡೆಗೋ ಬಡಿಯುತ್ತದೆ ಎಂದು ಅವನು ಹೇಳಿದ. ಕಣ್ಣು ಕತ್ತಲಾಗುತ್ತದೆ, ಆದರೆ ಐದು ಸಾವಿರ ಜನರ ಮುಂದೆ ಅಂಪೈರ್ ಎದೆ ಹಿಡಿದು ಕೂರುವಂತಿಲ್ಲ. ಆಗ ಕ್ಯಾಚರ್ ತನಗೇನೋ ತುರ್ತು ಮಾತಿರುವವನಂತೆ ಎದ್ದು ಪಿಚರ್ ಬಳಿ ಹೋಗುತ್ತಾನೆ, ಅವನ ಅತ್ತೆ ಮನೆ ಹಂದಿ ಮರಿ ಹಾಕಿತೇ ಎಂದು ಕೇಳುತ್ತಾ ನಿಲ್ಲುತ್ತಾನೆ, ಅಂಪೈರ್‌ಗೆ ಉಸಿರು ಬರುವ ತನಕ. ಕ್ಯಾಚರ್‌ಗೆ ಏಟು ಬಿದ್ದರೆ ಅಂಪೈರ್ ಜೇಬಿನಿಂದ ಬ್ರಷ್ ತೆಗೆದು, ಬ್ಯಾಟರ್ ಮುಂದೆ ನೆಲದಲ್ಲಿ ಹುಗಿದ ಬಿಳಿ ಪ್ಲೇಟನ್ನು ಧೂಳು ತೆಗೆಯುವವನಂತೆ ನಿಧಾನವಾಗಿ ಗುಡಿಸುತ್ತಾನೆ, ಅವನು ಸುಧಾರಿಸಿಕೊಳ್ಳುವ ತನಕ. ಯಾವ ನಿಯಮದ ಪುಸ್ತಕದಲ್ಲೂ ಇದು ಇಲ್ಲ.

ರೆಂಬೆರ್ತೊನ ಪೆನ್ಸಿಲ್ ಗಾಳಿಯಲ್ಲೇ ನಿಂತಿತ್ತು. ಸೋತದ್ದಕ್ಕಿಂತ ಹೊಸದೊಂದು ತಿಳಿದದ್ದೇ ಅವನಿಗೆ ದೊಡ್ಡದಾಗಿತ್ತು. ಅಂಥವು ಎಷ್ಟು ಸಲ ಎಂದು ಕೇಳಿದ. ಒಂಬತ್ತು ಎಂದ ಫಿದೆನ್ಸಿಯೊ.

"ಉಳಿದ ಮೂವತ್ತೆರಡು?"

"ಅವು ಮಂಡಿಗೇ" ಎಂದ ಯೂನಿಯೆಲ್. "ನೀನು ಬರೆದದ್ದು ಸರಿ ಇದೆ, ಹೊಡೆದುಹಾಕಬೇಡ."

ಅವನ ಸರದಿ ಬಂದಿತ್ತು. ಎಲ್ಲರೂ ಅವನು ತನ್ನ ಪರವಾಗಿ ಏನು ಹೇಳಿಯಾನೆಂದು ಕಾದರು. ಅವನು ಬೆಂಚಿನ ಕಡೆ ತಿರುಗಿದ.

"ಯಜಮಾನ್ರೇ, ನಂಗೆ ಏಟು ಬೀಳದೇ ಇದ್ದಾಗ್ಲೂ ಹೋದ ವರ್ಷ ನೀವು ಎಷ್ಟೋ ಸಲ ಗುಡಿಸಿದ್ರಿ. ಪ್ಲೇಟ್ ಮೇಲೆ ಧೂಳಿತ್ತಾ?"

ಫಿದೆನ್ಸಿಯೊ ಕಾಫಿ ಲೋಟ ಕೆಳಗಿಟ್ಟ. ಇತ್ತು ಎಂದುಬಿಟ್ಟಿದ್ದರೆ ಯೂನಿಯೆಲ್‌ಗೆ ಇನ್ನೊಂದು ವರ್ಷ ಸಿಗುತ್ತಿತ್ತು, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸೊಯ್ಲಾ ಮನಸ್ಸಿನಲ್ಲೇ ಹೇಳು, ಹೇಳು ಎಂದು ಬೇಡುತ್ತಿದ್ದಳು. ಆದರೆ ಫಿದೆನ್ಸಿಯೊ ಕಣ್ಣಿಗೆ ಕಂಡದ್ದನ್ನು ಹೇಳಿಯೇ ಜೀವನ ಸವೆಸಿದವನು.

"ಇರ್ಲಿಲ್ಲಪ್ಪ. ನಿನ್ನ ಮಂಡಿ ನೋಡಿ ಗುಡಿಸಿದ್ದು."

ಯೂನಿಯೆಲ್ ತಲೆಯಾಡಿಸಿದ. ನೋವಾಯಿತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಮ್ಯಾನೇಜರ್‌ಗೆ ಈಗಲೇ ಹೋಗಿ ಹೇಳುತ್ತೇನೆಂದ. ತನ್ನ ಜಾಗಕ್ಕೆ ಬರುವವನ ಕೈ ಬಂದೂಕಿನ ಹಾಗಿದೆ, ಬೇಸ್ ಕದಿಯುವವರು ಇನ್ನು ಎಚ್ಚರವಾಗಿರಲಿ ಎಂದು ರೆಂಬೆರ್ತೊನ ಭುಜ ತಟ್ಟಿದ. ಹಾಗಾದರೆ ಮುಖದಲ್ಲಿ ಇನ್ನೂ ಯಾಕೆ ಚಿಂತೆ ಎಂದು ಸೊಯ್ಲಾ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಒಂದು ಕಲಿಸೋದು ಬಾಕಿ ಇದೆ, ಟೀಚರಮ್ಮ" ಎಂದ ಅವನು, ಟೋಪಿ ತಲೆಗೇರಿಸುತ್ತಾ. "ಅಂಪೈರ್‌ಗೆ ಏಟು ಬಿದ್ರೆ ಆ ಹುಡುಗ ಎದ್ದು ಪಿಚರ್ ಹತ್ರ ಹೋಗಲ್ಲ, ತಿರುಗಿ ನೋಡ್ತಾನೆ."